ಟಿಕೆಟ್ಟು ಬೇಡದ ರೈಲು

ಒಂದು ಸಭೆ ಮುಗಿಸಿಕೊಂಡು ಬರುವಾಗ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಗೆಳೆಯನಿಗೂ ನನಗೂ ಜಗಳ ಹತ್ತಿತು. ಜಗಳಕ್ಕೆ ಕಾರಣ ಒಂದು ಹಾಡು. ಅಮೆರಿಕದ ಕಪ್ಪು ಹಾಡುಗಾರ ಕರ್ಟಿಸ್ ಮೇಫೀಲ್ಡ್ ಬರೆದು, ತನ್ನ ಇಂಪ್ರೆಶನ್ಸ್ ತಂಡದ ಜೊತೆ ಹಾಡಿದ 'ಪೀಪಲ್ ಗೆಟ್ ರೆಡಿ'. ನನ್ನ ಮೊಬೈಲಿನಲ್ಲಿದ್ದದ್ದನ್ನು ಹಚ್ಚಿದೆ. ಗೆಳೆಯ ಕಣ್ಣು ಮುಚ್ಚಿ ಕೇಳಿದ. ರಾಗ ಅವನಿಗೂ ಹಿಡಿಸಿತು. ಅರ್ಥ ಏನಯ್ಯ ಅಂದ. ಒಂದು ರೈಲು ಬರ್ತಾ ಇದೆ, ಜನರೇ ಸಿದ್ಧರಾಗಿ ಅಂತ ಕರೀತಾನೆ. ಹತ್ತೋದಕ್ಕೆ ಗಂಟುಮೂಟೆ ಬೇಡ, ಟಿಕೆಟ್ಟು ಬೇಡ, ನಂಬಿಕೆ ಇದ್ದರೆ ಸಾಕು ಅನ್ನೋದು ಅದರ ತಿರುಳು ಅಂದೆ. ಅಷ್ಟಕ್ಕೇ ಅವನ ಮುಖ ಗಂಟಾಯಿತು.

"ದೇವರು ಬಂದ್ನಲ್ಲ ಕಣಯ್ಯ! ಸುಮ್ಮನೆ ಕೂತ್ಕೊಂಡಿರ್ರಪ್ಪಾ, ರೈಲು ಬರ್ತದೆ, ಹತ್ತಿಸ್ಕೊಂಡು ಹೋಗ್ತದೆ ಅಂತ ಹೇಳೋ ಹಾಡು ಇದು. ನಮ್ಮಪ್ಪಂದಿರಿಗೆ ಇದನ್ನೇ ಹೇಳಿ ಹೇಳಿ ಗುಡಿ ಹೊರಗೆ ನಿಲ್ಲಿಸಿದ್ರು. ಇದನ್ನ ಹೋರಾಟದ ಹಾಡು ಅಂತೀಯಲ್ಲ, ನಿನಗೇನು ಬಂತು?"

ಅವನ ಸಿಟ್ಟು ಸುಳ್ಳಲ್ಲ. ದೇವರನ್ನು ಮುಂದಿಟ್ಟುಕೊಂಡು ನಮ್ಮ ಬೆನ್ನ ಮೇಲೆ ಸವಾರಿ ಮಾಡಿದವರ ಚರಿತ್ರೆ ಉದ್ದ ಇದೆ. ಆದರೆ ಅವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಂಬಿಕೆಯಿಂದ ಹುಟ್ಟಿದ ಹಾಡು ಬಂಡಾಯದ ಹಾಡಾಗಬಲ್ಲದೇ? ಆದರೆ ಅದು ಹೇಗೆ ಆಗುತ್ತದೆ, ಎಲ್ಲಿ ಸೋಲುತ್ತದೆ? ಸಭೆಯಲ್ಲಿ ಕೂಗಿದ ಮರುದಿನವೇ ಸಾಯುವ ಹಾಡು ಯಾವುದು, ಅರವತ್ತು ವರ್ಷ ಉಳಿಯುವ ಹಾಡು ಯಾವುದು? ಮೇಫೀಲ್ಡನ ಬದುಕನ್ನೂ ಹಾಡನ್ನೂ ಜೊತೆಗಿಟ್ಟುಕೊಂಡು ಇದಕ್ಕೆ ಉತ್ತರ ಹುಡುಕುವ ಪ್ರಯತ್ನ ಈ ಬರಹ.

ಮೊದಲು ಮನುಷ್ಯನನ್ನು ನೋಡೋಣ. ಕರ್ಟಿಸ್ ಮೇಫೀಲ್ಡ್ ಹುಟ್ಟಿದ್ದು 1942ರ ಜೂನ್ 3ರಂದು, ಷಿಕಾಗೋದಲ್ಲಿ. ಅಪ್ಪ ಚಿಕ್ಕಂದಿನಲ್ಲೇ ಮನೆ ಬಿಟ್ಟು ಹೋದ. ಅಮ್ಮ ಮೇರಿಯನ್ ಬಡತನದಲ್ಲೇ ಮಕ್ಕಳನ್ನು ಸಾಕಿದಳು. ಗುಲಾಮರಾಗಿದ್ದವರ ಮಗನಾದ ಕವಿ ಪಾಲ್ ಲಾರೆನ್ಸ್ ಡನ್‌ಬಾರ್‌ನ ಪದ್ಯಗಳನ್ನು ಆಕೆ ಮಕ್ಕಳಿಗೆ ಓದಿ ಹೇಳುತ್ತಿದ್ದಳು. ಮುಂದೆ ಕುಟುಂಬ ಕಬ್ರಿನಿ-ಗ್ರೀನ್ ಎಂಬ ಸರ್ಕಾರಿ ವಸತಿಗೆ ಬಂತು. ಹೈಸ್ಕೂಲು ಮುಗಿಯುವ ಮೊದಲೇ ಹುಡುಗ ಓದು ಬಿಟ್ಟ.

ಅವನ ನಿಜವಾದ ಪಾಠಶಾಲೆ ಅಜ್ಜಿಯ ಚರ್ಚು. ಅಪ್ಪನ ತಾಯಿ ಆ್ಯನಿ ಬೆಲ್ ತಾನೇ ಪಾದ್ರಿಯಾಗಿ ಚರ್ಚು ನಡೆಸುತ್ತಿದ್ದಳು. ಇದನ್ನು ಸ್ವಲ್ಪ ನಿಂತು ನೋಡಬೇಕು. ನಾವು 'ಚರ್ಚು' ಅಂದಕೂಡಲೆ ಕಲ್ಲಿನ ಗೋಪುರ, ಬಿಳಿ ದೊರೆ, ಬೆಳ್ಳಿ ಪಾತ್ರೆ ನೆನಪು ಮಾಡಿಕೊಳ್ಳುತ್ತೇವೆ. ಷಿಕಾಗೋದ ಬಡ ಕಪ್ಪು ಜನರ ಎಷ್ಟೋ ಚರ್ಚುಗಳು ಹಾಗಿರಲಿಲ್ಲ. ಅಂಗಡಿ ಮಳಿಗೆಯೊಂದನ್ನು ಬಾಡಿಗೆ ಹಿಡಿದು, ಬೆಂಚು ಹಾಕಿ, ಒಂದು ಪಿಯಾನೋ ತಂದಿಟ್ಟರೆ ಅದೇ ಚರ್ಚು. ವಾರವೆಲ್ಲ ಬಿಳಿಯರ ಮನೆಯ ಕಸ ಬಳಿದವಳು ಭಾನುವಾರ ಅಲ್ಲಿ ಎದ್ದು ನಿಂತು ಮಾತಾಡಬಹುದಿತ್ತು. ನಡುವೆ ಪೂಜಾರಿ ಇಲ್ಲ, ಹೊಸ್ತಿಲ ಮೈಲಿಗೆ ಇಲ್ಲ. ಇಂಥ ಚರ್ಚಿನಲ್ಲೇ ಮೇಫೀಲ್ಡನಿಗೆ ಜೆರಿ ಬಟ್ಲರ್ ಎಂಬ ಗೆಳೆಯ ಸಿಕ್ಕಿದ. ಇಬ್ಬರೂ ಗಾಸ್ಪೆಲ್ ಹಾಡು ಕಲಿತರು. ಮುಂದೆ ಇಂಪ್ರೆಶನ್ಸ್ ತಂಡ ಸೇರಿದರು. 1958ರಲ್ಲಿ ಮೊದಲ ಹಾಡು ಗೆದ್ದ ಕೂಡಲೇ ಬಟ್ಲರ್ ತಂಡ ಬಿಟ್ಟ. ಮೇಫೀಲ್ಡ್ ತಂಡವನ್ನು ಮತ್ತೆ ಕಟ್ಟಿದ. ಕೊನೆಗೆ ಉಳಿದವರು ಮೂವರು: ಮೇಫೀಲ್ಡ್, ಫ್ರೆಡ್ ಕ್ಯಾಶ್, ಸ್ಯಾಮ್ ಗುಡೆನ್.

ಅವನ ಗಿಟಾರಿನ ಒಂದು ಸಂಗತಿ ಹೇಳಲೇಬೇಕು. ಯಾವ ಗುರುವೂ ಅವನಿಗೆ ಕಲಿಸಲಿಲ್ಲ. ಗಿಟಾರಿನ ಎಲ್ಲರೂ ಒಪ್ಪಿದ ಶ್ರುತಿ ಯಾವುದು ಅನ್ನೋದೇ ಅವನಿಗೆ ಗೊತ್ತಿರಲಿಲ್ಲ. ಪಿಯಾನೋದಲ್ಲಿ ಕಪ್ಪು ಮನೆಗಳನ್ನೇ ಒತ್ತಿ ನುಡಿಸಿ ಅಭ್ಯಾಸವಾಗಿತ್ತು. ಗಿಟಾರ್ ಕೈಗೆ ಬಂದಾಗ ಅದರ ತಂತಿಗಳನ್ನೂ ಆ ಕಪ್ಪು ಮನೆಗಳ ಸ್ವರಕ್ಕೇ ಕೂಡಿಸಿಕೊಂಡ. ನಮ್ಮ ನಾಟಕದ ಪೇಟಿ ಮಾಸ್ತರರು ಕರಿ ಎರಡು, ಬಿಳಿ ನಾಲ್ಕು ಅನ್ನುತ್ತಾರಲ್ಲ, ಹಾಗೆ ನೋಡಿದರೆ ಅವನದು ಬರೀ ಕರಿಯ ಲೆಕ್ಕ. ಜೀವಮಾನವಿಡೀ ಅದೇ ಶ್ರುತಿಯಲ್ಲಿ ನುಡಿಸಿದ. ಕಲಿತವರು ಅದನ್ನು ತಪ್ಪು ಅನ್ನಬಹುದಿತ್ತು. ಬೇರೆ ಗಿಟಾರಿಗರಿಗೆ ಅವನ ವಾದ್ಯ ಹಿಡಿದರೆ ಕೈ ಓಡುತ್ತಿರಲಿಲ್ಲ. ಹಾಡಿನ ಭಾಷೆ ಶುದ್ಧವಾಗಿಲ್ಲ, ಛಂದಸ್ಸು ಗೊತ್ತಿಲ್ಲ ಅಂತ ಬೈಸಿಕೊಂಡು ಬಂದ ನಮ್ಮಂಥವರಿಗೆ ಈ ಸಂಗತಿ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹಾಡಿನ ಕಸುಬಿಗೆ ಬರೋಣ. 'ಸೋಲ್' ಅಂತ ಕರೆಸಿಕೊಂಡ ಸಂಗೀತ ಹುಟ್ಟಿದ್ದೇ ಒಂದು ಕಳ್ಳತನದಿಂದ ಅಂತ ಚರ್ಚಿನ ಹಿರಿಯರು ಬೈಯುತ್ತಿದ್ದರು. 1954ರಲ್ಲಿ ರೇ ಚಾರ್ಲ್ಸ್ ಗಾಸ್ಪೆಲ್ ಧಾಟಿಗೆ ಹೆಣ್ಣಿನ ಮೇಲಿನ ಪ್ರೀತಿಯ ಮಾತು ಕೂಡಿಸಿ ಹಾಡಿದಾಗ ಇದು ದೇವನಿಂದೆ ಅಂದರು. ಗಾಸ್ಪೆಲ್ ಲೋಕದ ದೊಡ್ಡ ಗಾಯಕ ಸ್ಯಾಮ್ ಕುಕ್ ತನ್ನ ಮೊದಲ ಲೌಕಿಕ ಹಾಡನ್ನು ಡೇಲ್ ಕುಕ್ ಅನ್ನುವ ಬೇರೆ ಹೆಸರಿನಲ್ಲಿ ಬಿಡುಗಡೆ ಮಾಡಿಸಬೇಕಾಯಿತು. ಅಷ್ಟು ಹೆದರಿಕೆ ಇತ್ತು. ದೇವರ ಜಾಗದಲ್ಲಿ ನಲ್ಲೆಯನ್ನು ಕೂರಿಸಿದ್ದು ಇವರು ಮಾಡಿದ ಕೆಲಸ.

ಮೇಫೀಲ್ಡ್ ಮಾಡಿದ್ದು ಇನ್ನೊಂದು ಕೆಲಸ. 1964ರಲ್ಲಿ ಬಂದ ಅವನ 'ಕೀಪ್ ಆನ್ ಪುಶಿಂಗ್' ಬಗ್ಗೆ ಅವನೇ ಮುಂದೆ ಹೇಳಿಕೊಂಡಿದ್ದಾನೆ. ಅದು ಗಾಸ್ಪೆಲ್ಲಿನ ಅಚ್ಚಿನಲ್ಲೇ ಮೂಡಿದ ಹಾಡು; ಶಕ್ತಿ ಕೊಟ್ಟವನು ದೇವರು ಅನ್ನಬೇಕಾದ ಕಡೆ ಶಕ್ತಿ ನನ್ನದು ಅಂತ ಬರುವ ಹಾಗೆ ಮಾತು ತಿರುಗಿಸಿದೆ, ಅಷ್ಟೇ, ಅಂತ. ಅಷ್ಟೇ ಅಂತೆ! ಒಂದೆರಡು ಪದ ಬದಲಾದರೆ ಏನಾಗುತ್ತದೆ ನೋಡಿ. ಶಕ್ತಿ ಮೇಲಿಂದ ಇಳಿದು ಹಾಡುವವನ ತೋಳಿಗೆ ಬಂತು. ರಾಗ ಅದೇ, ಚಪ್ಪಾಳೆ ಅದೇ, ಮೂವರು ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುವ ರೀತಿ ಅದೇ. ಚರ್ಚಿಗೆ ಹೋಗುವ ಮುದುಕಿಗೆ ಅದು ಅವಳ ಹಾಡೇ. ಮೆರವಣಿಗೆಯಲ್ಲಿ ಪೊಲೀಸರ ನಾಯಿಗೆ ಎದೆ ಕೊಟ್ಟು ನಿಂತ ಹುಡುಗನಿಗೆ ಅದು ಅವನ ಹಾಡು. ಇಬ್ಬರಿಗೂ ಮೋಸವಾಗಲಿಲ್ಲ.

ಇಲ್ಲಿ ನನ್ನ ಗೆಳೆಯನ ಮೊದಲ ತಪ್ಪು ಕಾಣುತ್ತದೆ. ಹಾಡಿನಲ್ಲಿ ದೇವರ ಹೆಸರು ಇದೆಯೋ ಇಲ್ಲವೋ ಅಂತ ಎಣಿಸುವುದು ವಿಮರ್ಶೆ ಅಲ್ಲ. ಶಕ್ತಿ ಯಾರ ಕೈಯಲ್ಲಿದೆ ಅಂತ ನೋಡಬೇಕು. ದೇವರ ಹೆಸರಿಲ್ಲದೆಯೂ ಜನರನ್ನು ಮಲಗಿಸುವ ಹಾಡುಗಳು ನಮ್ಮ ಸಿನಿಮಾಗಳಲ್ಲಿ ಬೇಕಾದಷ್ಟಿವೆ.

'ಪೀಪಲ್ ಗೆಟ್ ರೆಡಿ' ಹೊರಬಂದದ್ದು 1965ರ ಶುರುವಿನಲ್ಲಿ. ಆ ಕಾಲ ಎಂಥದು? 1963ರ ಆಗಸ್ಟಿನಲ್ಲಿ ವಾಷಿಂಗ್ಟನ್ನಿಗೆ ಲಕ್ಷಾಂತರ ಜನ ನಡೆದು ಬಂದರು. ಮೂರು ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ 15ರಂದು, ಬರ್ಮಿಂಗ್‌ಹ್ಯಾಮಿನ ಕಪ್ಪು ಜನರ ಚರ್ಚಿಗೆ ಬಿಳಿಯ ದ್ವೇಷಿಗಳು ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದರು. 1964ರ ಜುಲೈನಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. 1965ರ ಮಾರ್ಚ್ 7ರಂದು ಸೆಲ್ಮಾದ ಸೇತುವೆಯ ಮೇಲೆ ಮತದ ಹಕ್ಕು ಕೇಳಲು ಹೊರಟವರ ತಲೆ ಒಡೆದರು. ಈ ಹೊಡೆತ ಮತ್ತು ಆಸೆಗಳ ನಡುವೆ ಹುಟ್ಟಿದ ಹಾಡು ಇದು. ಅದರ ಮಾತೆಲ್ಲ ತಾನು ಬೆಳೆದ ಚರ್ಚಿನ ಉಪದೇಶಗಳಿಂದಲೇ ಬಂದದ್ದು ಅಂತ ಮೇಫೀಲ್ಡ್ ಹೇಳಿದ್ದಾನೆ. ಸರಿ. ಆದರೆ ಆ ಚರ್ಚಿಗೆ ರೈಲು ಎಲ್ಲಿಂದ ಬಂತು?

ಕಪ್ಪು ಜನರ ನೆನಪಿನಲ್ಲಿ ರೈಲು ಒಂದಲ್ಲ, ಮೂರು.

ಮೊದಲನೆಯದು ಹಳಿಯೇ ಇಲ್ಲದ ರೈಲು. ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದ ತೋಟಗಳಿಂದ ತಪ್ಪಿಸಿಕೊಂಡು ಉತ್ತರಕ್ಕೆ ಓಡುವವರನ್ನು ಗುಟ್ಟಾಗಿ ಮನೆಯಿಂದ ಮನೆಗೆ ದಾಟಿಸುವ ಜಾಲಕ್ಕೆ 'ನೆಲದಡಿಯ ರೈಲು' ಅಂತ ಹೆಸರಿತ್ತು. ಅಡಗಿಸಿಡುವ ಮನೆಗೆ ಸ್ಟೇಷನ್ ಅನ್ನುತ್ತಿದ್ದರು. ದಾರಿ ತೋರಿಸುವವರಿಗೆ ಕಂಡಕ್ಟರ್ ಅನ್ನುತ್ತಿದ್ದರು. 1849ರಲ್ಲಿ ತಾನು ತಪ್ಪಿಸಿಕೊಂಡು, ಮತ್ತೆ ಮತ್ತೆ ಸಾವಿನ ಬಾಯಿಗೇ ತಿರುಗಿ ಹೋಗಿ, ಸುಮಾರು 70 ಜನರನ್ನು ಬಿಡಿಸಿ ತಂದ ಹ್ಯಾರಿಯಟ್ ಟಬ್‌ಮನ್ ಅಂಥ ಕಂಡಕ್ಟರಳು. ಆ ಜನ ಜೋರ್ಡಾನ್ ನದಿ ದಾಟುವ ಹಾಡು ಹಾಡಿದರೆ ಒಡೆಯನ ಕಿವಿಗೆ ಅದು ಬೈಬಲ್ಲು. ಹಾಡುವವರಿಗೆ ಗೊತ್ತಿತ್ತು, ಬಿಡುಗಡೆಯ ಕಡೆಗೆ ದಾಟಬೇಕಾದ ನದಿ ನೆಲದ ಮೇಲೂ ಇದೆ ಅಂತ.

ಎರಡನೆಯದು ಹೊರದಬ್ಬಿದ ರೈಲು. 1892ರ ಜೂನ್ 7ರಂದು ನ್ಯೂ ಆರ್ಲಿಯನ್ಸಿನಲ್ಲಿ ಹೋಮರ್ ಪ್ಲೆಸ್ಸಿ ಎಂಬಾತ ಮೊದಲ ದರ್ಜೆಯ ಟಿಕೆಟ್ಟು ಕೊಂಡು, ಬಿಳಿಯರ ಡಬ್ಬಿಯಲ್ಲಿ ಕೂತ. ಅವನೂ ಅವನ ಸಂಗಡಿಗರೂ ಬೇಕೆಂದೇ ಮಾಡಿದ ಪ್ರತಿಭಟನೆ ಅದು. ಅವನನ್ನು ಹಿಡಿದು ಹಾಕಿದರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1896ರಲ್ಲಿ ಕೋರ್ಟು ಬೇರೆ ಬೇರೆ ಕೂರಿಸಿದರೂ ಸಮಾನತೆಗೆ ಭಂಗವಿಲ್ಲ ಅಂತ ತೀರ್ಪು ಕೊಟ್ಟಿತು. ಆ ತೀರ್ಪಿನ ನೆರಳಲ್ಲಿ ಸ್ಕೂಲು, ನಲ್ಲಿ, ಹೋಟೆಲು, ಸ್ಮಶಾನ ಎಲ್ಲ ಬೇರೆಯಾದವು. 1954ರಲ್ಲಿ ಶಾಲೆಗಳ ಮೊಕದ್ದಮೆಯಲ್ಲಿ ಅದೇ ಕೋರ್ಟು ಆ ತತ್ವವನ್ನು ತಳ್ಳಿಹಾಕುವವರೆಗೆ ಅದು ಕಾನೂನಿನ ಬಲದಲ್ಲೇ ನಿಂತಿತ್ತು.

ಮೂರನೆಯದು ಗುಳೆ ಹೊರಟ ರೈಲು. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ಹತ್ತಿ ಹೊಲ ಬಿಟ್ಟು ಬೇರೆ ಕಡೆಯ ನಗರಗಳಿಗೆ ಹೋದರು. ಮಿಸಿಸಿಪ್ಪಿ ಕಡೆಯವರನ್ನು ಇಲಿನಾಯ್ ಸೆಂಟ್ರಲ್ ರೈಲು ಷಿಕಾಗೋಕ್ಕೆ ತಂದು ಸುರಿಯಿತು. ಮೇಫೀಲ್ಡ್ ಹುಟ್ಟಿ ಬೆಳೆದದ್ದು ಹೀಗೆ ಬಂದಿಳಿದವರ ನಡುವೆ.

ಈಗ ಹಾಡನ್ನು ಮತ್ತೆ ಕೇಳಿ. ಟಿಕೆಟ್ಟು ಬೇಡ ಅನ್ನುವ ಮಾತು ಬರೀ ಭಕ್ತಿಯೋ? ಪ್ಲೆಸ್ಸಿಯ ಕೈಯಲ್ಲಿ ಟಿಕೆಟ್ಟು ಇತ್ತು, ಕೂರಲು ಜಾಗ ಇರಲಿಲ್ಲ. ದುಡ್ಡು ಕೊಟ್ಟರೂ ಹತ್ತಗೊಡದ ರೈಲನ್ನು ತಲೆತಲಾಂತರ ಕಂಡ ಜನಕ್ಕೆ, ಟಿಕೆಟ್ಟೇ ಕೇಳದ ರೈಲೊಂದು ಬರುತ್ತದೆ ಅಂದರೆ ಅದು ಹಳೆ ರೈಲಿನ ಮೇಲೆ ಹೊರಿಸಿದ ಆಪಾದನೆ. ಗಂಟುಮೂಟೆ ಬೇಡ ಅನ್ನುವುದು ರಾತ್ರೋರಾತ್ರಿ ಓಡಿದವರ ನೆನಪು. ದೇಶದ ಈ ತುದಿಯಿಂದ ಆ ತುದಿಯವರೆಗೆ ಎಲ್ಲರನ್ನೂ ಹತ್ತಿಸಿಕೊಳ್ಳುವುದು ಗುಳೆ ಹೋದವರ ಭೂಪಟ. ಇಷ್ಟನ್ನೂ ಅವನು ವಿವರಿಸುವುದಿಲ್ಲ. ಒಂದೊಂದೇ ವಸ್ತುವನ್ನು ಎತ್ತಿ ಇಟ್ಟು ಮುಂದೆ ಹೋಗುತ್ತಾನೆ. ಕೇಳುವವರ ಅಜ್ಜಿ ಉಳಿದದ್ದನ್ನು ತುಂಬುತ್ತಾಳೆ.

ಇನ್ನೊಂದು ನುಡಿಯನ್ನು ಅವಸರದಲ್ಲಿ ಕೇಳುವವರು ಗಮನಿಸುವುದೇ ಇಲ್ಲ. ಎಲ್ಲರಿಗೂ ಜಾಗ ಇರುವ ಆ ರೈಲಿನಲ್ಲಿ ಒಬ್ಬನಿಗೆ ಮಾತ್ರ ಜಾಗ ಇಲ್ಲ. ತನ್ನವರನ್ನು ಉಳಿಸಿಕೊಳ್ಳಲು ಮನುಕುಲವನ್ನೇ ನೋಯಿಸಲು ಹೇಸದವನಿಗೆ. ಚರ್ಚಿನ ಭಾಷೆಯಲ್ಲಿ ಪಾಪಿ ಅಂದರೆ ಕುಡುಕ, ಸುಳ್ಳ, ಹಾದರದವನು. ಮೇಫೀಲ್ಡನ ಪಾಪಿ ಅವರಲ್ಲ. ಅವನು ಅಧಿಕಾರ ಇದ್ದವನು. ತನ್ನ ಕುಲಕ್ಕಾಗಿ, ತನ್ನ ಲಾಭಕ್ಕಾಗಿ ಬೇರೆಯವರನ್ನು ತುಳಿದವನು. ಪಾಪಕ್ಕೆ ಇಂಥ ಸಾಮಾಜಿಕ ಅರ್ಥ ಕೊಟ್ಟದ್ದು ಹಾಡಿನ ಒಳಗಿನ ಬೆಂಕಿ. ಮೇಲೆ ಬೂದಿ ಇದೆ ಅಂತ ಬೆಂಕಿ ಇಲ್ಲ ಅನ್ನಬಾರದು.

ಕಾಯುವುದು ಬೇರೆ, ಸಿದ್ಧವಾಗುವುದು ಬೇರೆ. ಕಾಯುವವನು ಮಲಗಿರಬಹುದು. ಸಿದ್ಧವಾಗುವವನು ಎದ್ದು ನಿಂತಿರಬೇಕು, ಎಡಬಲದವರನ್ನು ಎಬ್ಬಿಸಿರಬೇಕು. ಚಳವಳಿಯ ಜನ ಈ ಹಾಡನ್ನು ತಮ್ಮದಾಗಿ ಹಾಡಿಕೊಂಡದ್ದು ಇದಕ್ಕೇ.

ಇಷ್ಟು ಹೇಳಿ ಮೇಫೀಲ್ಡನನ್ನು ಮೂರ್ತಿ ಮಾಡಿ ಕೂರಿಸಿದರೆ ನಾವೂ ಪೂಜಾರಿಗಳಾಗುತ್ತೇವೆ. ಗೆಳೆಯನ ಮಾತಿನಲ್ಲಿ ನಿಜವಿರುವ ಜಾಗಗಳೂ ಇವೆ.

ಒಂದು, ದನಿ. ಮೇಫೀಲ್ಡ್ ಹಾಡುವುದು ತೆಳುವಾದ, ಮೇಲಿನ ದನಿಯಲ್ಲಿ. ಕೂಗುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಬಾಂಬಿನ ಸುದ್ದಿ ಕೇಳಿದ ನೀನಾ ಸಿಮೋನ್ ಮಿಸಿಸಿಪ್ಪಿಯ ಹೆಸರು ಹಿಡಿದು ಶಾಪ ಹಾಕಿ ಹಾಡಿದಳು. 1964ರಲ್ಲಿ ಅದು ರೆಕಾರ್ಡಾಗಿ ಬಂತು. 1968ರಲ್ಲಿ ಜೇಮ್ಸ್ ಬ್ರೌನ್ ಕಪ್ಪು ಬಣ್ಣದ ಹೆಮ್ಮೆಯನ್ನು ಗಂಟಲು ಹರಿದು ಕೂಗಿಸಿದ. ಇವರ ಪಕ್ಕದಲ್ಲಿ ಮೇಫೀಲ್ಡ್ ತೀರಾ ಮೆತ್ತಗೆ ಅನಿಸಬಹುದು. ಆದರೆ 1967ರಲ್ಲಿ ಅವನು 'ವಿ ಆರ್ ಎ ವಿನ್ನರ್' ಹಾಡಿದಾಗ, ಆ ಮೆತ್ತಗಿನ ದನಿಗೇ ಷಿಕಾಗೋದ ದೊಡ್ಡ ರೇಡಿಯೋ ಸ್ಟೇಷನ್ ಡಬ್ಲ್ಯೂ.ಎಲ್.ಎಸ್. ಹೆದರಿ ಹಾಡು ಹಾಕಲು ಒಪ್ಪಲಿಲ್ಲ. ನಾವು ಗೆಲ್ಲುವವರು ಅಂತ ಕಪ್ಪು ಜನ ಸಮಾಧಾನವಾಗಿ ಹೇಳಿಕೊಳ್ಳುವುದು ಕೂಗಿಗಿಂತ ಕೆಲವರಿಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಕೂಗೂ ಬೇಕು, ಈ ದನಿಯೂ ಬೇಕು. ಕೂಗೊಂದೇ ಬಂಡಾಯ ಅಂತ ನಂಬಿದ ನಮ್ಮ ಎಷ್ಟೋ ಪದ್ಯಗಳು ಬ್ಯಾನರು ಸುತ್ತಿಟ್ಟ ದಿನವೇ ಮುಗಿದುಹೋದವು. ಅವುಗಳಲ್ಲಿ ನನ್ನವೂ ಇವೆ.

ಎರಡು, ಸಿನಿಮಾ. 1972ರಲ್ಲಿ 'ಸೂಪರ್ ಫ್ಲೈ' ಚಿತ್ರಕ್ಕೆ ಮೇಫೀಲ್ಡ್ ಹಾಡು ಕಟ್ಟಿದ. ನಾಯಕ ಕೊಕೇನ್ ಮಾರುವವನು. ಚೆಂದದ ಕೋಟು, ಉದ್ದನೆಯ ಕಾರು. ಇಂಥ ಚಿತ್ರಗಳು ಕಪ್ಪು ಹುಡುಗರಿಗೆ ಕಳ್ಳದಂಧೆಯನ್ನೇ ಬಿಡುಗಡೆ ಅಂತ ತೋರಿಸುತ್ತಿವೆ ಅಂತ ಎನ್.ಎ.ಎ.ಸಿ.ಪಿ.ಯಂಥ ಸಂಘಟನೆಗಳ ಜನ ಬೀದಿಗಿಳಿದು ವಿರೋಧಿಸಿದರು. ಮೇಫೀಲ್ಡನಿಗೂ ಆ ಅಳುಕು ಇತ್ತು. ಅದಕ್ಕೇ ಹಾಡುಗಳಲ್ಲಿ ಚಿತ್ರಕ್ಕೆ ಎದುರು ಮಾತಾಡಿದ. ಚಿತ್ರ ಹೊಳಪು ತೋರಿಸಿದರೆ ಹಾಡು ಆ ಹೊಳಪಿನಡಿ ಸತ್ತವನ ಹೆಣ ತೋರಿಸಿತು. 'ಫ್ರೆಡೀಸ್ ಡೆಡ್' ಅಂಥ ಹಾಡು. ಆದರೆ ಚಿತ್ರದಲ್ಲಿ ಏನು ಮಾಡಿದರು? ಆ ಹಾಡಿನ ವಾದ್ಯವನ್ನಷ್ಟೇ ಇಟ್ಟುಕೊಂಡು ಮಾತನ್ನು ಕೈಬಿಟ್ಟರು! ಜನ ಹಾಡಿನ ಮಾತು ಕೇಳಿದ್ದು ರೆಕಾರ್ಡಿನಲ್ಲಿ. ಬಂಡವಾಳಶಾಹಿ ನಮ್ಮ ಹಾಡನ್ನು ಹೇಗೆ ತಿನ್ನುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ತಾಳ ಬೇಕು, ಮಾತು ಬೇಡ. ನಮ್ಮ ತಮಟೆ ಮೆರವಣಿಗೆಗೆ ಬೇಕು, ತಮಟೆಯವನ ಮಾತು ವೇದಿಕೆಗೆ ಬೇಡ ಅನ್ನುತ್ತಾರಲ್ಲ, ಹಾಗೇ. ಹಾಗಂತ ಮೇಫೀಲ್ಡನಿಗೆ ಪೂರ್ತಿ ಮಾಫಿ ಇಲ್ಲ. ಆ ಚಿತ್ರಕ್ಕೆ ಸೆಳೆತ ತಂದುಕೊಟ್ಟದ್ದರಲ್ಲಿ ಅವನ ಸಂಗೀತದ್ದೇ ದೊಡ್ಡ ಪಾಲು. ಚಿತ್ರದೊಳಗೆ ತಾನೇ ಕಾಣಿಸಿಕೊಂಡು ಹಾಡಿದ್ದಾನೆ ಕೂಡ. ಬೆಂಕಿಯ ಪಕ್ಕ ಕೂತು ಬೆಂಕಿಯ ವಿರುದ್ಧ ಹಾಡಿದವನ ಮೈಗೂ ಹೊಗೆ ಹತ್ತುತ್ತದೆ.

ಮೂರು, ಒಡೆತನ. ಇದನ್ನು ನಮ್ಮ ಹಾಡುಗಾರರು ಕಿವಿಗೊಟ್ಟು ಕೇಳಬೇಕು. ಕಪ್ಪು ಜನ ಕಟ್ಟಿದ ಹಾಡಿನ ಹಕ್ಕು ಕಪ್ಪು ಜನರ ಹತ್ತಿರ ಉಳಿಯುತ್ತಿರಲಿಲ್ಲ. ಹತ್ತಿಪ್ಪತ್ತು ಡಾಲರು ಕೊಟ್ಟು ಕಾಗದಕ್ಕೆ ರುಜು ಹಾಕಿಸಿಕೊಂಡರೆ ಮುಗಿಯಿತು. ಮೇಫೀಲ್ಡ್ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲೇ ತನ್ನ ಹಾಡುಗಳ ಹಕ್ಕು ಇಟ್ಟುಕೊಳ್ಳಲು ಸ್ವಂತ ಕಂಪನಿ ಮಾಡಿಕೊಂಡ. 1968ರಲ್ಲಿ ಗೆಳೆಯ ಎಡ್ಡಿ ಥಾಮಸ್ ಜೊತೆ ಕರ್ಟಮ್ ಎಂಬ ರೆಕಾರ್ಡ್ ಕಂಪನಿ ತೆರೆದ. ಓದು ಬಿಟ್ಟ ಹುಡುಗ ಇದನ್ನು ಮಾಡಿದ ಅನ್ನುವುದು ಸಣ್ಣ ಸಂಗತಿಯಲ್ಲ. ನಂಬಿಕೆ ದೇವರ ಮೇಲೆ, ಕಾಗದ ತನ್ನ ಕೈಯಲ್ಲಿ! ಆದರೆ ಇಲ್ಲೂ ಪ್ರಶ್ನೆ ಇದೆ. ಒಬ್ಬ ಕಪ್ಪು ಮನುಷ್ಯ ಮಾಲೀಕನಾದರೆ ಕಬ್ರಿನಿ-ಗ್ರೀನಿನ ಮಕ್ಕಳಿಗೆ ಬಿಡುಗಡೆ ಆಗುತ್ತದೆಯೇ? ಆಗಲಿಲ್ಲ. ಒಡೆತನ ಹಾಡನ್ನು ಉಳಿಸಿತು, ಕೇರಿಯನ್ನು ಉಳಿಸಲಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ವಿಮರ್ಶೆಗೆ ಬೇಕು.

ಇನ್ನು 1990ರ ಆಗಸ್ಟ್ 13. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಯಲು ಮೈದಾನದ ಕಾರ್ಯಕ್ರಮ. ಮೇಫೀಲ್ಡ್ ಗಿಟಾರ್ ಹಿಡಿದು ವೇದಿಕೆ ಹತ್ತಿದ. ಇನ್ನೂ ಒಂದು ಸ್ವರ ನುಡಿಸಿರಲಿಲ್ಲ. ಗಾಳಿ ಬೀಸಿ, ದೀಪ ಕಟ್ಟಿದ್ದ ಕಬ್ಬಿಣದ ಚೌಕಟ್ಟು ಅವನ ಮೇಲೆ ಬಿತ್ತು. ಕತ್ತಿನಿಂದ ಕೆಳಗೆ ಮೈ ಸತ್ತಿತು. 48 ವರ್ಷ. ಕಪ್ಪು ಮನೆಗಳ ಶ್ರುತಿಯ ಆ ಗಿಟಾರನ್ನು ಅವನ ಬೆರಳು ಮತ್ತೆ ಮುಟ್ಟಲಿಲ್ಲ.

ನಂಬಿಕೆಯ ಬಗ್ಗೆ ಪುಕ್ಕಟೆ ಮಾತಾಡುವ ನಾವೆಲ್ಲ ಇಲ್ಲಿ ಸ್ವಲ್ಪ ಬಾಯಿ ಮುಚ್ಚಿಕೊಳ್ಳಬೇಕು. ದೇವರು ಕೈಬಿಟ್ಟ ಅಂತ ಅವನು ಹೇಳಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಪವಾಡ ಆಗುತ್ತದೆ ಅಂತ ಹೇಳಿದ್ದರೂ ಜನ ಒಪ್ಪುತ್ತಿದ್ದರು. ಅವನು ಎರಡನ್ನೂ ಬಿಟ್ಟು ಹಾಡು ಬರೆಯುವುದಕ್ಕೆ ತಿರುಗಿದ. ಕೂತರೆ ಉಸಿರು ಸಾಲುತ್ತಿರಲಿಲ್ಲ. ಅಂಗಾತ ಮಲಗಿದರೆ ಎದೆಗೆ ಸ್ವಲ್ಪ ಗಾಳಿ ತುಂಬುತ್ತಿತ್ತು. ಹಾಗೆ ಮಲಗಿ, ಒಂದು ಸಾಲು ಹಾಡಿ, ನಿಂತು, ಉಸಿರು ತೆಗೆದುಕೊಂಡು, ಇನ್ನೊಂದು ಸಾಲು ಹಾಡಿ 1996ರಲ್ಲಿ 'ನ್ಯೂ ವರ್ಲ್ಡ್ ಆರ್ಡರ್' ಎಂಬ ಆಲ್ಬಮ್ ಮುಗಿಸಿದ. ಅರೀಥಾ ಫ್ರಾಂಕ್ಲಿನ್, ಮೇವಿಸ್ ಸ್ಟೇಪಲ್ಸ್ ಬಂದು ಜೊತೆ ಕೂಡಿದರು. 1998ರಲ್ಲಿ ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಹೋಯಿತು. 1999ರ ಡಿಸೆಂಬರ್ 26ರಂದು ಜೀವ ಹೋಯಿತು.

ಆ ಕೊನೆಯ ಆಲ್ಬಮ್ ಅವನ ಶ್ರೇಷ್ಠ ಕೃತಿ ಅಲ್ಲ. ಕನಿಕರಕ್ಕೆ ಹಾಗೆ ಹೇಳಿದರೆ ಅದು ಅವಮಾನ. ದನಿ ಕುಗ್ಗಿದೆ, ಎಷ್ಟೋ ಕಡೆ ಯಂತ್ರದ ತಾಳ ಹಾಡನ್ನು ನುಂಗಿದೆ. ಆದರೆ 'ಕೀಪ್ ಆನ್ ಪುಶಿಂಗ್' ಬರೆದ ಇಪ್ಪತ್ತರ ಆಸುಪಾಸಿನ ಹುಡುಗ ಆ ಮಾತನ್ನು ಎಷ್ಟು ಅರ್ಥ ಮಾಡಿಕೊಂಡಿದ್ದನೋ ಗೊತ್ತಿಲ್ಲ. 54ರಲ್ಲಿ ಒಂದೊಂದು ಸಾಲಿಗೂ ಉಸಿರು ಕೂಡಿಹಾಕಿಕೊಂಡು ಹಾಡಿದವನು ಆ ಹಳೆಯ ಹಾಡಿಗೆ ಸಾಕ್ಷಿ ಹೇಳಿದ. ಹಾಡು ಮೊದಲೇ ಬರೆದದ್ದು, ಬದುಕು ಆಮೇಲೆ ಅದಕ್ಕೆ ರುಜು ಹಾಕಿತು. ಅವನ ನಂಬಿಕೆ ಅಂದರೆ ನನಗೆ ಇಷ್ಟೇ ಅರ್ಥವಾಗುವುದು. ಕೆಲಸ ಬಿಡದಿರುವುದು.

ಹಾಡು ಉಳಿಯುವುದು ಹೇಗೆ ಅನ್ನುವ ಪ್ರಶ್ನೆ ಬಾಕಿ ಇದೆ. ಇಂಪ್ರೆಶನ್ಸ್ ಹಾಡುವ ಕ್ರಮದಲ್ಲೇ ಉತ್ತರ ಇದೆ. ಒಬ್ಬನೇ ಪೂರ್ತಿ ಹಾಡುವುದಿಲ್ಲ. ಸಾಲನ್ನು ಒಬ್ಬ ಎತ್ತುತ್ತಾನೆ, ಇನ್ನೊಬ್ಬ ಮುಗಿಸುತ್ತಾನೆ, ಮೂರನೆಯವನು ತಳ ಹಿಡಿಯುತ್ತಾನೆ. ಕೇಳುತ್ತಾ ಕೂತವನಿಗೆ ನಾಲ್ಕನೆಯವನ ಜಾಗ ಖಾಲಿ ಇದೆ ಅನಿಸುತ್ತದೆ, ಅವನೂ ಸೇರಿಕೊಳ್ಳುತ್ತಾನೆ. ಜಮೈಕಾದ ಬಡ ಹುಡುಗರು ಹೀಗೇ ಸೇರಿಕೊಂಡರು. ಬಾಬ್ ಮಾರ್ಲಿಯ ವೈಲರ್ಸ್ ತಂಡ ಇಂಪ್ರೆಶನ್ಸ್ ಹಾಡು ಕೇಳಿ ಕೇಳಿ ಕಲಿತದ್ದು. 1977ರಲ್ಲಿ ಮಾರ್ಲಿ 'ಒನ್ ಲವ್' ಮತ್ತೆ ಹಾಡಿದಾಗ ಅದರೊಳಗೆ ಮೇಫೀಲ್ಡನ ಹಾಡೂ ಇತ್ತು, ಹಾಡಿನ ಹೆಸರಿನಲ್ಲೂ ಸೇರಿತು. ಬರೆದವನ ಸಿಟ್ಟಷ್ಟೇ ತುಂಬಿದ ಹಾಡಿನಲ್ಲಿ ಬೇರೆಯವರು ಕೂರಲು ಜಾಗ ಇರುವುದಿಲ್ಲ. ಟಿಕೆಟ್ಟು ಕೇಳದ ಹಾಡು ಉಳಿಯುತ್ತದೆ.

ನಮಗೂ ಈ ಜನಕ್ಕೂ ಸಂಬಂಧ ಇವತ್ತಿನದಲ್ಲ. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದಾಗ, ಕರಿಯರ ಗುಲಾಮಗಿರಿ ಅಳಿಸಲು ದುಡಿದ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದರು. ಪ್ಲೆಸ್ಸಿಯನ್ನು ರೈಲಿನಿಂದ ಇಳಿಸಿದ್ದು ಅದಾಗಿ 19 ವರ್ಷಕ್ಕೆ. ಬಿಡುಗಡೆ ಅಂದುಕೊಂಡದ್ದು ಇನ್ನೂ ಬಿಡುಗಡೆ ಆಗಿರಲಿಲ್ಲ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡು ಬೋಯಿಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಅಲ್ಲಿನ ಕಪ್ಪು ಜನ ಸಲ್ಲಿಸಿದ ಮನವಿಯ ಬಗ್ಗೆ ವಿಚಾರಿಸಿದರು. 1972ರಲ್ಲಿ ಮುಂಬಯಿಯ ದಲಿತ ಯುವಕರು ಬ್ಲ್ಯಾಕ್ ಪ್ಯಾಂಥರರ ಹೆಸರು ತಂದು ದಲಿತ ಪ್ಯಾಂಥರ್ಸ್ ಕಟ್ಟಿದರು. ಹೆಸರು ತಂದೆವು, ಕಿಚ್ಚು ತಂದೆವು. ಆ ಜನರ ಹಾಡಿನ ಕಸುಬನ್ನೂ ಒಮ್ಮೆ ಕೂತು ನೋಡಬೇಕು. ಅವರ ಚರ್ಚನ್ನು ಇಲ್ಲಿಗೆ ತನ್ನಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಅಜ್ಜಿಯರ ಬಾಯಲ್ಲಿ ಯಾವ ರಾಗ ಇದೆ, ಅದರಲ್ಲಿ ಯಾವ ಒಂದು ಪದ ತಿರುಗಿಸಿದರೆ ಶಕ್ತಿ ಗುಡಿಯಿಂದ ಕೇರಿಗೆ ಬರುತ್ತದೆ ಅಂತ ಹುಡುಕೋಣ ಅನ್ನುತ್ತಿದ್ದೇನೆ.

ಅವತ್ತು ಗೆಳೆಯನಿಗೆ ಇಷ್ಟೆಲ್ಲ ಹೇಳಲು ಆಗಲಿಲ್ಲ. ಬಸ್ಸು ಬಂತು. ಹತ್ತುವಾಗ ಅವನು ಹೇಳಿದ್ದು ಇಷ್ಟೇ: "ನಿನ್ನ ದೇವರ ವಿಷಯ ನಾನು ಒಪ್ಪಲ್ಲ ಕಣಯ್ಯ. ಆದ್ರೆ ಆ ಹಾಡನ್ನ ನನಗೂ ಕಳಿಸು."

ಕಳಿಸಿದ್ದೇನೆ. ಜಗಳ ಇನ್ನೂ ಮುಗಿದಿಲ್ಲ. ಮುಗಿಯುವುದೂ ಬೇಡ.